ಚಳಿನಾಡಿಗೊಂದು ಬೇಟೆನಾಯಿ

ನಮ್ಮ ಪತ್ರಿಕೆಯ ಸಂಪಾದಕರು ನನ್ನನ್ನು ಕಂಡಾಗಲೆಲ್ಲ, "ಅಮೆರಿಕಕ್ಕೆ ಎರಡು ಸಲ ಹೋಗಿಬಂದಿರಿ, ಒಂದು ಪ್ರವಾಸಲೇಖನವನ್ನಾದರೂ ಬರೆದುಕೊಡಬಾರದೆ?" ಎಂದು ಕೇಳುತ್ತ ಬಂದಿದ್ದಾರೆ. ಅವರಿಗೆ ಏನು ಹೇಳಲಿ? ಪ್ರವಾಸಿಗಳು ನೋಡಬೇಕಾದುದನ್ನು ನಾನು ಯಾವುದನ್ನೂ ನೋಡಲಿಲ್ಲ. ನಯಾಗರಾ ಜಲಪಾತವನ್ನು ನೋಡಲಿಲ್ಲ. ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ನೋಡಲಿಲ್ಲ. ನಾನು ನೋಡಿದ್ದು ನಾಯಿಗಳನ್ನು. ನನ್ನ ಅಳಿಯಂದಿರು ಒಂದು ಬೇಟೆನಾಯಿಯನ್ನು ಆರಿಸುವ ಸಲುವಾಗಿ ಒಂದು ಬೇಸಗೆಯನ್ನೆಲ್ಲ ಕಳೆದರು. ಅವರೊಡನೆ ನಾನೂ ಅಲೆದೆ. ಆ ಕಥೆಯನ್ನು ಬರೆಯಲು ಕುಳಿತರೆ ಅದಕ್ಕೆ ಬಹಳ ಹಿಂದೆ ಈ ನೀಲಗಿರಿಯಲ್ಲಿ ನಡೆದ ಇನ್ನೊಂದು ನಾಯಿಯ ಕಥೆ ತಾನಾಗಿ ಎದ್ದುಬರುತ್ತದೆ. ಅದನ್ನು ಬಿಟ್ಟು ಇದನ್ನು ಹೇಳಲಾರೆ. ವಾಚಕರು ಎರಡನ್ನೂ ಸೈರಿಸಬೇಕು.

ನನ್ನ ಮಗಳ ಸಂಸಾರವಿರುವುದು ಕೆನಡಾದ ಗಡಿಗೆ ತಾಗಿಕೊಂಡಿರುವ ಮಿನ್ನೆಸೋಟಾ ರಾಜ್ಯದಲ್ಲಿ. ತಮ್ಮದು ಹತ್ತು ಸಾವಿರ ಸರೋವರಗಳ ನಾಡೆಂದು ಅಲ್ಲಿಯ ಜನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಆ ಸರೋವರಗಳೆಲ್ಲ ಹೆಪ್ಪುಗಟ್ಟಿ, ಅವುಗಳ ಮೇಲೆ ಮೋಟಾರು ಗಾಡಿಗಳನ್ನೇ ಓಡಿಸುವುದುಂಟು. 1996ರ ಫೆಬ್ರವರಿ 2ರಂದು ಅಲ್ಲಿಯ ಟವರ್ ಎಂಬ ಊರಿನ ಬಳಿ ಶೈತ್ಯವು ಸೊನ್ನೆಗಿಂತ 51 ಡಿಗ್ರಿ ಕೆಳಕ್ಕೆ ಇಳಿದಿತ್ತು. ನಮ್ಮ ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2240 ಮೀಟರು ಎತ್ತರದಲ್ಲಿದೆ. ಜನವರಿಯ ಬೆಳಗಿನಲ್ಲಿ ಇಲ್ಲಿಯ ತಗ್ಗುಗಳ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ, ಉಪ್ಪು ಚೆಲ್ಲಿದಂತೆ ತೋರುತ್ತದೆ. ಬಯಲುಸೀಮೆಯಿಂದ ಬಂದ ನೆಂಟರು ಅದನ್ನು ಕಂಡು ನಡುಗಿದರೆ ನಾವು ನಗುತ್ತೇವೆ. ಮಿನ್ನೆಸೋಟಾದವರು ನಮ್ಮನ್ನು ಕಂಡು ಹಾಗೆಯೇ ನಕ್ಕಾರು.

ಅಳಿಯಂದಿರು ಮೈಸೂರಿನ ಕಡೆಯವರು. ಊರಿನಲ್ಲಿದ್ದಾಗ ಇಲಿಯನ್ನೂ ಹೊಡೆದವರಲ್ಲ. ಅಲ್ಲಿ ಕಚೇರಿಯ ಸಹೋದ್ಯೋಗಿಗಳ ಸಹವಾಸದಿಂದ ಕೋವಿ ಹಿಡಿಯಲು ಕಲಿತು, ಪರವಾನಿಗೆ ಪಡೆದು, ಪ್ರತಿವರ್ಷ ಶರತ್ಕಾಲದಲ್ಲಿ ಹಕ್ಕಿಯ ಬೇಟೆಗೆ ಹೋಗತೊಡಗಿದ್ದರು. ನನಗೆ ಇದು ಮೊದಲು ಹಿಡಿಸಲಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಾಡುಪ್ರಾಣಿಗಳ ಬೇಟೆಗೆ ತೆರೆ ಬಿದ್ದಿತು. ಬಿದ್ದುದು ಒಳ್ಳೆಯದೇ ಆಯಿತೆಂದು ತಿಳಿದವನು ನಾನು. ಆದರೆ ಅಲ್ಲಿಯ ಏರ್ಪಾಡು ಬೇರೆ. ಯಾವ ಹಕ್ಕಿಯನ್ನು ಯಾವ ದಿನದಿಂದ ಯಾವ ದಿನದವರೆಗೆ, ದಿನಕ್ಕೆ ಎಷ್ಟು ಹೊಡೆಯಬಹುದೆಂಬುದಕ್ಕೆಲ್ಲ ಕಟ್ಟಳೆಯಿದೆ. ಹೊಡೆದ ಬಾತನ್ನು ಹುಡುಕದೆ ಬಿಟ್ಟುಬರಕೂಡದು. ತಕ್ಕ ಪ್ರಯತ್ನ ಮಾಡಲೇಬೇಕೆಂಬುದು ನಿಯಮ. ಅಳಿಯಂದಿರು ಹೇಳಿದರು: "ಮಾವ, ಹೋದ ವರ್ಷ ಗಾಯಗೊಂಡ ಒಂದು ಬಾತು ಜೊಂಡಿನಲ್ಲಿ ಹೊಕ್ಕುಬಿಟ್ಟಿತು. ಕತ್ತಲಾಗುವವರೆಗೆ ಹುಡುಕಿದೆ, ಸಿಕ್ಕಲಿಲ್ಲ. ಅಂದು ರಾತ್ರಿ ಊಟ ಸೇರಲಿಲ್ಲ. ನಾಯಿಯಿಲ್ಲದೆ ಇನ್ನು ಬೇಟೆಗೆ ಹೋಗುವುದಿಲ್ಲವೆಂದು ಅಂದೇ ನಿಶ್ಚಯಿಸಿದೆ." ಈ ಮಾತನ್ನು ಕೇಳಿದ ಮೇಲೆ ನಾನು ಅವರ ನಾಯಿಯ ಹುಡುಕಾಟದಲ್ಲಿ ಪಾಲುಗಾರನಾದೆ. ಇದು ನಡೆದುದು 2017ರಲ್ಲಿ.

ಅವರಿಗೆ ಬೇಕಾಗಿದ್ದುದು ಒಂದೇ ನಾಯಿ. ಮಾಡಬೇಕಾದ ಕೆಲಸ ಮೂರು ಬಗೆಯದು. ಉತ್ತರದ ಆಸ್ಪೆನ್ ಕಾಡುಗಳಲ್ಲಿ ಗ್ರೌಸ್ ಎಂಬ ಹಕ್ಕಿಯುಂಟು. ಪೊದೆಯೊಳಗಿನಿಂದ ಅದು ಸಿಡಿದಂತೆ ಹಾರುತ್ತದೆ. ನಾಯಿಯು ವಾಸನೆ ಹಿಡಿದು, ದೂರದಲ್ಲೇ ಕಲ್ಲಿನಂತೆ ನಿಂತು, ಬೇಟೆಗಾರನು ಹತ್ತಿರ ಬರುವವರೆಗೆ ಕಾಯಬೇಕು. ದಕ್ಷಿಣದ ಮತ್ತು ಪಶ್ಚಿಮದ ಹೊಲನಾಡಿನಲ್ಲಿ ಫೆಸೆಂಟ್ ಉಂಟು. ಅದು ಏಷ್ಯಾದಿಂದ ಹೋಗಿ ನೆಲಸಿದ ಹಕ್ಕಿ. ಹಾರುವುದಕ್ಕಿಂತ ನೆಲದ ಮೇಲೆ ಓಡುವುದರಲ್ಲಿ ಜಾಣ. ರೆಕ್ಕೆಗೆ ಏಟು ಬಿದ್ದು ಕೆಳಗಿಳಿದರೂ ಕಾಲಿನ ಬಲದಿಂದ ಬಹುದೂರ ಸಾಗಿಬಿಡುತ್ತದೆ. ಅದರ ಜಾಡನ್ನು ನಾಯಿ ಮೂಗಿನಿಂದಲೇ ಬಿಡಿಸಬೇಕು. ಇನ್ನು ಸರೋವರದಲ್ಲಿ ಬಾತು. ಅಕ್ಟೋಬರ್ ನವೆಂಬರ್ ತಿಂಗಳ ನೀರಿನಲ್ಲಿ ಈಜಿ, ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರಬೇಕು. ಕಾಡಿಗೊಂದು, ಹೊಲಕ್ಕೊಂದು, ನೀರಿಗೊಂದು ಎಂದು ಮೂರು ನಾಯಿಗಳನ್ನು ಸಾಕುವ ಶಕ್ತಿ ಯಾರಿಗುಂಟು?

ಒಂದು ಸಂಜೆ ಅಳಿಯಂದಿರು ಒಂದು ಚಿತ್ರವನ್ನು ನನ್ನ ಮುಂದೆ ಹಿಡಿದರು. ಹಂಗೆರಿ ದೇಶದ ವಿಜ್ಲಾ ಎಂಬ ತಳಿ. ಮೈಯೆಲ್ಲ ಹಳೆಯ ಚಿನ್ನದ ಬಣ್ಣ, ರೇಷ್ಮೆಯಂತೆ ನುಣುಪಾದ ಗಿಡ್ಡ ಕೂದಲು, ನೀಳವಾದ ಕಾಲು, ಕಣ್ಣಿನಲ್ಲಿ ಮನುಷ್ಯರ ಮಮತೆ. ನಿಂತು ತೋರುವುದರಲ್ಲಿ ನಿಪುಣ, ಮನೆಯವರಲ್ಲಿ ಬಹಳ ಸಲಿಗೆ. "ಇದೇ ಆಗಲಿ ಮಾವ, ಎಷ್ಟು ಚೆನ್ನಾಗಿದೆ!" ಎಂದರು.

"ಬೇಡ" ಎಂದೆ. ನಾನು ಅಂದುಕೊಂಡುದಕ್ಕಿಂತ ಆ ಮಾತು ಬಿರುಸಾಗಿ ಹೊರಬಂದಿತು. ಒಳಗಿನಿಂದ ಮಗಳು ಬಂದು ನೋಡಿದಳು. "ಏಕಪ್ಪ? ನಿಮಗೆ ಈ ನಾಯಿಗಳ ವಿಷಯ ಗೊತ್ತೆ?" ಎಂದು ಕೇಳಿದಳು.

ನನಗೆ ಗೊತ್ತಿದ್ದುದು ಒಂದೇ ನಾಯಿಯ ವಿಷಯ. ಅದನ್ನು ಅಂದು ಅವರಿಗೆ ಹೇಳಿದೆ. ಐವತ್ತೈದು ವರ್ಷಗಳವರೆಗೆ ಅದನ್ನು ಯಾರೊಡನೆಯೂ ಆಡಿರಲಿಲ್ಲ.

ನಮ್ಮ ತಂದೆಯವರು ಕೋಟಗಿರಿಯ ಕಡೆ ಒಂದು ಚಹಾತೋಟದಲ್ಲಿ ಗುಮಾಸ್ತರಾಗಿದ್ದರು. ಆಗ ನನಗೆ ಹನ್ನೆರಡು ವರ್ಷ. ವಿಜಾಪುರ ಜಿಲ್ಲೆಯಲ್ಲಿ ನೌಕರಿಯಲ್ಲಿದ್ದ ನನ್ನ ಸೋದರಮಾವ 1960ರ ದೀಪಾವಳಿಗೆ ಬರುವಾಗ ಒಂದು ಮುಧೋಳ ನಾಯಿಯ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಬೆಳೆದಂತೆಲ್ಲ ಅದು ಬಿಲ್ಲಿನಿಂದ ಬಿಟ್ಟ ಬಾಣವೇ ಆಯಿತು. ಹೆಸರೂ ಬಾಣ ಎಂದೇ ಇಟ್ಟೆವು. ಸಣ್ಣ ನಡು, ಆಳವಾದ ಎದೆ, ತೊಗಲಿಗೆ ಅಂಟಿದಂತಿರುವ ಕೂದಲು, ಎಣಿಸಬಹುದಾದ ಪಕ್ಕೆಲುಬು. ಬಿಸಿಲಿನ ಬಯಲಿನಲ್ಲಿ ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯುವುದಕ್ಕಾಗಿ ಹುಟ್ಟಿದ ತಳಿ ಅದು. ಆ ಒಂದು ಕೆಲಸದಲ್ಲಿ ಅದನ್ನು ಮೀರಿಸುವ ನಾಯಿಗಳು ಕಡಮೆ. 2005ರಲ್ಲಿ ಭಾರತ ಸರ್ಕಾರ ನಾಲ್ಕು ದೇಶೀಯ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳ ನಾಯಿಗೂ ಒಂದು ಚೀಟಿ ದೊರೆಯಿತು. ಅದನ್ನು ಕೊಂಡು ಇಟ್ಟುಕೊಂಡಿದ್ದೇನೆ.

ಆ ಕಾಲಕ್ಕೆ ಈ ಬೆಟ್ಟಗಳಲ್ಲಿ ಆಂಗ್ಲರ ಬೇಟೆಯ ಸಡಗರ ಪೂರ್ಣವಾಗಿ ಅಳಿದಿರಲಿಲ್ಲ. ಉದಕಮಂಡಲದ ವೆನ್ಲಾಕ್ ಹುಲ್ಲುಗಾವಲಿನಲ್ಲಿ ಅವರು ವಿಲಾಯಿತಿ ನಾಯಿಗಳ ಹಿಂಡನ್ನು ಬಿಟ್ಟು, ಕುದುರೆಯೇರಿ ನರಿಗಳನ್ನು ಅಟ್ಟುತ್ತಿದ್ದ ವಿಚಾರವನ್ನು ಹಿರಿಯರು ಬಣ್ಣಿಸುತ್ತಿದ್ದರು. ನಾನು ಕಣ್ಣಾರೆ ಕಂಡದ್ದು ಇಷ್ಟೆ: ನೆರೆಯ ತೋಟದ ದೊರೆಯೊಬ್ಬನು ಶೋಲೆಕಾಡಿನಂಚಿನಲ್ಲಿ ಒಂದು ವುಡ್‌ಕಾಕ್ ಹಕ್ಕಿಯನ್ನು ಹೊಡೆದನು. ಅದು ತೊರೆಯ ಆಚೆ ಬಿದ್ದಿತು. ಅವನ ಸ್ಪೇನಿಯಲ್ ನಾಯಿ ನೀರಿಗೆ ಹಾರಿ, ಹಕ್ಕಿಯನ್ನು ಕಚ್ಚಿ ತಂದು, ಅವನ ಕೈಯಲ್ಲಿಟ್ಟಿತು. ಅದನ್ನು ಕಂಡಂದಿನಿಂದ ನನ್ನ ಬಾಣವೂ ಹಾಗೆ ಮಾಡಬೇಕೆಂಬ ಹುಚ್ಚು ಹತ್ತಿತು.

1962ರ ಜನವರಿ. ತೋಟದ ಕೊಳದ ಬಳಿ ನಾಲ್ವರು ಗೆಳೆಯರನ್ನು ನಿಲ್ಲಿಸಿ, ಬಟ್ಟೆಯ ಚೆಂಡೊಂದನ್ನು ನೀರಿಗೆಸೆದೆ. ಬಾಣ ನನ್ನ ಮುಖವನ್ನು ನೋಡಿತು, ನೀರನ್ನು ನೋಡಿತು, ಬಾಲವನ್ನು ಕಾಲಿನ ನಡುವೆ ಸೇರಿಸಿತು. ಗೆಳೆಯರು ನಕ್ಕರು. ನಾನು ಗದರಿದೆ. ಅದು ಇಳಿಯಿತು. ಒಮ್ಮೆ ತಂದಿತು, ಗೆಳೆಯರು ಚಪ್ಪಾಳೆ ತಟ್ಟಿದರು. ಮತ್ತೆ ಎಸೆದೆ. ಹೊತ್ತು ಮುಳುಗುವವರೆಗೆ ಎಷ್ಟು ಸಲ ಎಸೆದೆನೆಂಬುದು ನೆನಪಿಲ್ಲ. ಮನೆಗೆ ಬಂದವನು ಅದರ ಮೈಯನ್ನು ಒರಸಲಿಲ್ಲ. ಜಗುಲಿಯಲ್ಲಿ ಕಟ್ಟಿ, ಮೇಲೊಂದು ಗೋಣಿಚೀಲ ಹೊದಿಸಿ ಒಳಗೆ ಹೋಗಿ ಮಲಗಿದೆ. ಆ ರಾತ್ರಿ ಇಬ್ಬನಿ ಹೆಪ್ಪುಗಟ್ಟಿತು. ಬೆಳಿಗ್ಗೆ ಬಾಣ ಏಳಲಿಲ್ಲ. ಉಸಿರಾಟದಲ್ಲಿ ಗೊರಗೊರ ಸದ್ದು. ತಂದೆಯವರು ಪಶುವೈದ್ಯರನ್ನು ಕರೆತಂದರು. ಅಮ್ಮ ಒಲೆಯ ಪಕ್ಕದಲ್ಲಿ ಮಲಗಿಸಿಕೊಂಡಳು. ಮೂರನೆಯ ರಾತ್ರಿ ಅದು ತೀರಿಕೊಂಡಿತು. ನನ್ನನ್ನು ಯಾರೂ ಬೈಯಲಿಲ್ಲ. ಗುಂಡಿಗೆ ಮಣ್ಣೆಳೆಯುವಾಗ ತಂದೆಯವರು, "ಪಾಪ, ಹೇಳಿದ ಮಾತನ್ನು ಕೇಳಿತು" ಎಂದರು. ಅಷ್ಟೇ.

ನನ್ನ ಮಾತು ಮುಗಿದಾಗ ಅಳಿಯಂದಿರು ಆ ಚಿತ್ರವನ್ನು ಬದಿಗಿಟ್ಟರು. ವಿಜ್ಲಾ ಕೆಟ್ಟ ನಾಯಿಯೆಂದು ನಾನು ಹೇಳಲಾರೆ. ಆದರೆ ಆ ಗಿಡ್ಡ ಕೂದಲಿನ ಅಡಿಯಲ್ಲಿ ಒಳತುಪ್ಪಳವೆಂಬುದು ಇಲ್ಲ. ನೀರು ಗಾಳಿಗಿಂತ ಇಪ್ಪತ್ತೈದರಷ್ಟು ವೇಗದಲ್ಲಿ ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಸೆಪ್ಟೆಂಬರಿನ ಹೊಲದಲ್ಲಿ ಅದು ಸುಖವಾಗಿರುತ್ತದೆ. ನವೆಂಬರಿನ ಸರೋವರಕ್ಕೆ ಅದನ್ನು ಅಟ್ಟುವುದು ನ್ಯಾಯವಲ್ಲ. ಒಳ್ಳೆಯ ನಾಯಿಯ ಕಷ್ಟವೇ ಇದು: ಅದು 'ನನ್ನಿಂದಾಗದು' ಎನ್ನುವುದಿಲ್ಲ. ಅದರ ಪರವಾಗಿ ಆ ಮಾತನ್ನು ಕೊಳ್ಳುವವನೇ ಮೊದಲು ಹೇಳಿಕೊಳ್ಳಬೇಕು.

ಅಂದಿನಿಂದ ನಮ್ಮ ಹುಡುಕಾಟ ಚರ್ಮದಿಂದ ಆರಂಭವಾಯಿತು. ಚಳಿನಾಡಿನ ನಾಯಿಗೆ ಎರಡು ಹೊದಿಕೆ ಬೇಕು. ಹೊರಗಿನ ಕೂದಲು ಒರಟಾಗಿದ್ದು ನೀರನ್ನೂ ಮುಳ್ಳನ್ನೂ ತಡೆಯಬೇಕು. ಒಳಗಿನ ತುಪ್ಪಳ ದಟ್ಟವಾಗಿದ್ದು ಮೈಯ ಕಾವನ್ನು ಹಿಡಿದಿಡಬೇಕು. ಕೂದಲು ಬಹಳ ಉದ್ದವಾದರೆ ಹಿಮ ಅದಕ್ಕೆ ಉಂಡೆಯುಂಡೆಯಾಗಿ ಅಂಟಿಕೊಂಡು, ಬೆರಳ ಸಂದಿಗಳಲ್ಲಿ ಗಟ್ಟಿಯಾಗಿ, ನಡೆಯಲು ಬಿಡುವುದಿಲ್ಲ. ಚಳಿಯನ್ನು ತಾಳುವುದೊಂದೇ ಸಾಕೆಂದರೆ ಉತ್ತರ ಯೂರೋಪಿನ ನಾಯಿಗಳಿವೆ. ನಾರ್ವೆಯ ಎಲ್ಕ್‌ಹೌಂಡ್ ಕಡವೆಯಂಥ ದೊಡ್ಡ ಮೃಗವನ್ನು ತಡೆದು ನಿಲ್ಲಿಸಿ ಬೊಗಳುತ್ತದೆ. ಫಿನ್ಲೆಂಡಿನ ಸ್ಪಿಟ್ಸ್ ಮರವೇರಿದ ಹಕ್ಕಿಯ ಕೆಳಗೆ ನಿಂತು ಬೊಗಳುತ್ತದೆ. ಆ ಕೆಲಸಕ್ಕೆ ಅವು ಸರಿ. ನೀರಿನಿಂದ ಬಾತನ್ನು ತರುವುದು ಅವುಗಳ ಕುಲಕಸುಬಲ್ಲ.

ನೆರೆಮನೆಯ ವೃದ್ಧರೊಬ್ಬರು ಲ್ಯಾಬ್ರಡಾರ್ ಸಾಕಿದ್ದರು. "ಬೇರೆ ನಾಯಿಯನ್ನು ಏಕೆ ಹುಡುಕುತ್ತೀರಿ?" ಎಂಬುದು ಅವರ ವಾದ. ಆ ವಾದದಲ್ಲಿ ಬಲವಿತ್ತು. ಗಿಡ್ಡವಾದರೂ ದಟ್ಟವಾದ ಇಮ್ಮಡಿ ಹೊದಿಕೆ, ನೀರುನಾಯಿಯಂಥ ಬಾಲ, ನ್ಯೂಫೌಂಡ್‌ಲೆಂಡಿನ ಮೀನುಗಾರರ ದೋಣಿಗಳಲ್ಲಿ ದುಡಿದ ಪೂರ್ವಜರ ಸಂಸ್ಕಾರ. ಬಾತಿನ ಬೇಟೆಯೇ ಹೆಚ್ಚು, ಫೆಸೆಂಟ್ ಅಷ್ಟಿಷ್ಟು ಎನ್ನುವವನಿಗೆ ಅದಕ್ಕಿಂತ ಒಳ್ಳೆಯ ನಾಯಿಯನ್ನು ಹೇಳುವುದು ಕಷ್ಟ. ಆದರೆ ಲ್ಯಾಬ್ರಡಾರ್ ಸಾಮಾನ್ಯವಾಗಿ ಹಕ್ಕಿಯನ್ನು ಎಬ್ಬಿಸುತ್ತದೆ, ನಿಂತು ತೋರುವುದಿಲ್ಲ. ಅಳಿಯಂದಿರ ಮನಸ್ಸು ಗ್ರೌಸ್ ಹಕ್ಕಿಯ ಕಾಡಿನಲ್ಲಿತ್ತು.

ಹೀಗೆ ನಾವು ಜರ್ಮನಿಯ ಸರ್ವಕಾರ್ಯ ತಳಿಗಳ ಬಳಿಗೆ ಬಂದೆವು. ಇವುಗಳ ಹಿಂದೆ ಒಂದು ಇತಿಹಾಸವಿದೆ. ಹಿಂದೆ ಅಲ್ಲಿ ಬೇಟೆ ಅರಸುಮಕ್ಕಳ ಹಕ್ಕು. ಅವರ ಅರಮನೆಗಳಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ನಾಯಿಯ ಹಿಂಡು. 1848ರ ಕ್ರಾಂತಿಯ ಅನಂತರ ಆ ಹಕ್ಕು ಮುರಿದು, ಬೇಟೆ ನೆಲದ ಒಡೆತನಕ್ಕೆ ಸೇರಿತು. ಸಾಮಾನ್ಯ ಗೃಹಸ್ಥನೂ ಬೇಟೆಗಾರನಾದನು. ಅವನಿಗೆ ಸಾಕಲಾಗುತ್ತಿದ್ದುದು ಒಂದು ನಾಯಿ. ಅದು ತೋರಬೇಕು, ಜಾಡು ಹಿಡಿಯಬೇಕು, ಈಜಬೇಕು, ತರಬೇಕು. ಸಂಜೆಗೆ ಮಕ್ಕಳೊಡನೆ ಒಲೆಯ ಮುಂದೆ ಮಲಗಬೇಕು. ಈ ಅಗತ್ಯದಿಂದ ಆ ಶತಮಾನದ ಕೊನೆಯ ಭಾಗದಲ್ಲಿ ಹೊಸ ತಳಿಗಳು ಮೂಡಿದುವು. ಪೂಡಲ್ ಮತ್ತು ಪಾಯಿಂಟರ್ ನಾಯಿಗಳನ್ನು ಕೂಡಿಸಿ ಪೂಡಲ್‌ಪಾಯಿಂಟರ್ ಆಯಿತು. ಒರಟುಗೂದಲಿನ ಹಲವು ವಂಶಗಳನ್ನು ಬೆರಸಿ ಡ್ರಾಟ್‌ಹಾರ್ ಆಯಿತು. ಅದರ ಸಂಘ 1902ರಲ್ಲಿ ಹುಟ್ಟಿತು. ಹಾಲೆಂಡಿನ ಎಡ್ವರ್ಡ್ ಕೊರ್ತಾಲ್ಸ್ ಎಂಬಾತನು (1851–1896) ಮೊದಲು ತನ್ನ ನಾಡಿನಲ್ಲೂ ಬಳಿಕ ಜರ್ಮನಿಯಲ್ಲೂ ಜೀವಮಾನವನ್ನೆಲ್ಲ ಸವೆಸಿ ಗ್ರಿಫಾನ್ ಎಂಬ ತಳಿಯನ್ನು ರೂಪಿಸಿದನು. ಬಡವನ ಒಂದೇ ಎತ್ತು ಉಳುವುದಕ್ಕೂ ಸೈ, ಗಾಡಿಗೂ ಸೈ ಎಂಬಂತೆ ಇವು ಬೆಳೆದುವು.

ಅದೇ ಬೇಸಗೆಯಲ್ಲಿ ಒಂದು ಪರೀಕ್ಷೆಯನ್ನು ನೋಡಲು ಹೋದೆವು. ಸರ್ವಕಾರ್ಯ ಬೇಟೆನಾಯಿಗಳಿಗಾಗಿ ಅಲ್ಲಿ 1969ರಲ್ಲಿ ಒಂದು ಸಂಘ ಸ್ಥಾಪನೆಯಾಗಿದೆ. ಹದಿನಾರು ತಿಂಗಳು ಮೀರದ ಮರಿಗಳ ಸಹಜಶಕ್ತಿಯನ್ನು ಮೂವರು ತೀರ್ಪುಗಾರರು ಅಳೆಯುತ್ತಾರೆ: ಮೂಗು, ಹುಡುಕುವ ರೀತಿ, ನೀರಿನಲ್ಲಿ ಧೈರ್ಯ, ನಿಂತು ತೋರುವುದು, ಜಾಡು, ಕೆಲಸದ ಹಂಬಲ, ಒಡೆಯನೊಡನೆ ಸಹಕಾರ. ಪೂರ್ಣಾಂಕ 112. ಕೊನೆಗೆ ಹಲ್ಲು, ಕಣ್ಣು, ಕೂದಲುಗಳನ್ನೂ ನೋಡುತ್ತಾರೆ. ಒಂದು ಮರಿ ನೀರಿನ ಅಂಚಿನಲ್ಲಿ ನಿಂತು ಅಳುಕಿತು. ಅದರ ಒಡೆಯನು ಗದರಲಿಲ್ಲ, ಅಲ್ಲಿ ಗದರುವಂತಿಲ್ಲ. ತೀರ್ಪುಗಾರನು ಗುರುತು ಹಾಕಿಕೊಂಡು, "ಇನ್ನೂ ಚಿಕ್ಕದು" ಎಂದು ಮುಗುಳ್ನಕ್ಕನು. ನಾನು ಮುಖ ತಿರುಗಿಸಿ ದೂರದ ಮರಗಳನ್ನು ನೋಡುತ್ತ ನಿಂತೆ.

ಡ್ರಾಟ್‌ಹಾರ್ ನಾಯಿಗಳ ಶಕ್ತಿಯನ್ನು ಕಂಡು ಅಳಿಯಂದಿರು ಮರುಳಾದರು. ಮರಿ ಕೇಳಲು ಹೋದರೆ ಸಾಕಿದವನೇ ನಮ್ಮನ್ನು ಪರೀಕ್ಷಿಸತೊಡಗಿದನು. "ವರ್ಷಕ್ಕೆ ಎಷ್ಟು ದಿನ ಬೇಟೆಗೆ ಹೋಗುತ್ತೀರಿ? ಉಳಿದ ದಿನಗಳಲ್ಲಿ ಅದಕ್ಕೆ ಯಾರು ಕೆಲಸ ಕೊಡುತ್ತಾರೆ? ಮನೆಯಲ್ಲಿ ಬೆಕ್ಕು ಇದೆಯೆ?" ಅಳಿಯಂದಿರು, "ಹದಿನೈದು ಇಪ್ಪತ್ತು ದಿನ" ಎಂದರು. ಬೆಕ್ಕು ಇತ್ತು, ಅದು ನನ್ನ ಮೊಮ್ಮಗಳ ಪ್ರಾಣ. ಆತನು ತಲೆಯಲ್ಲಾಡಿಸಿ, "ನನ್ನ ನಾಯಿಗಳನ್ನು ಕ್ಷುದ್ರಮೃಗಗಳ ಮೇಲೂ ಬೀಳುವ ಕೆಚ್ಚಿಗಾಗಿ ಆರಿಸಿ ಬೆಳೆಸಿದ್ದೇವೆ. ಬೆಕ್ಕು ಅವಕ್ಕೆ ಕ್ಷುದ್ರಮೃಗವೇ. ನಿಮಗೆ ಗ್ರಿಫಾನ್ ಹೊಂದೀತು; ಅದು ನಿಧಾನಿ, ಹತ್ತಿರದಲ್ಲೇ ಹುಡುಕುತ್ತದೆ, ನಡೆದು ಬೇಟೆಯಾಡುವವನಿಗೆ ತಕ್ಕುದು" ಎಂದನು. ಹಣ ಕೊಡಲು ಬಂದವನಿಗೆ ಸರಕು ಇಲ್ಲವೆಂದ ಆ ವ್ಯಾಪಾರಿಯನ್ನು ನಾನು ಮನಸ್ಸಿನಲ್ಲೇ ವಂದಿಸಿದೆ. ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ಅಂಥವನೊಬ್ಬನು ನನ್ನನ್ನೂ ಮೂರು ಪ್ರಶ್ನೆ ಕೇಳಿದ್ದರೆ!

ಗ್ರಿಫಾನ್ ಮರಿ ಬಂದದ್ದು 2018ರ ವಸಂತದಲ್ಲಿ. ತಾಯಿತಂದೆಗಳ ಸೊಂಟದ ಕೀಲಿನ ಕ್ಷಕಿರಣ ಚಿತ್ರಗಳನ್ನೂ ಪರೀಕ್ಷೆಯ ಅಂಕಗಳನ್ನೂ ನೋಡಿಯೇ ಅಳಿಯಂದಿರು ಒಪ್ಪಿಕೊಂಡಿದ್ದರು. ಉಕ್ಕಿನ ಬೂದುಬಣ್ಣದ ಮೈ, ಕಂದು ಮಚ್ಚೆ, ಪಂಡಿತರಂಥ ಗಡ್ಡಮೀಸೆ. ಮೊಮ್ಮಗಳು ಅದಕ್ಕೆ 'ತಾತ' ಎಂದು ಹೆಸರಿಡಲು ಹೊರಟಿದ್ದಳಂತೆ. ತಾಯಿ ತಡೆದು 'ಜೋಗಿ' ಎಂದು ಮಾಡಿದಳು. ಬೆಕ್ಕು ಮೊದಲ ವಾರವೇ ಮೂಗಿನ ಮೇಲೆ ಒಂದು ಪೆಟ್ಟು ಕೊಟ್ಟು ಮನೆಯ ಕಟ್ಟಳೆಯನ್ನು ಅದಕ್ಕೆ ತಿಳಿಸಿತು.

2019ರ ಶರತ್ಕಾಲದಲ್ಲಿ ನಾನು ಎರಡನೆಯ ಸಲ ಹೋದಾಗ ಜೋಗಿಗೆ ಒಂದೂವರೆ ವರ್ಷ. ನವೆಂಬರಿನ ಮೊದಲ ವಾರ ಒಂದು ಬೆಳಿಗ್ಗೆ ನನ್ನನ್ನೂ ಕಂಬಳಿಗಳಲ್ಲಿ ಸುತ್ತಿ ಸರೋವರದ ದಡಕ್ಕೆ ಕರೆದೊಯ್ದರು. ಜೊಂಡಿನ ಬುಡದಲ್ಲಿ ಗಾಜಿನಂಥ ತೆಳು ಹೆಪ್ಪು ಕಟ್ಟಿತ್ತು. ಅಳಿಯಂದಿರು ನಾಯಿಗೆ ರಬ್ಬರಿನ ಕವಚ ತೊಡಿಸಿದ್ದರು. ಒಣ ಟವೆಲುಗಳನ್ನೂ ಬಿಸಿಯಾದ ಗಾಡಿಯನ್ನೂ ಸಿದ್ಧವಾಗಿಟ್ಟಿದ್ದರು. ತಕ್ಕ ತಳಿಯನ್ನು ಆರಿಸಿದ ಮಾತ್ರಕ್ಕೆ ಒಡೆಯನ ಹೊಣೆ ತೀರುವುದಿಲ್ಲವೆಂದು ಅವರು ತಿಳಿದಿದ್ದರು. ಗುಂಡು ಹಾರಿತು, ಬಾತೊಂದು ನೀರಿಗೆ ಬಿದ್ದಿತು. ಜೋಗಿ ಅಳಿಯಂದಿರ ಮುಖವನ್ನು ನೋಡಿತು. ಆ ನೋಟ ನನಗೆ ಪರಿಚಿತವಾದುದು. ನನ್ನ ಎದೆ ಬಡಿದುಕೊಂಡಿತು. ಆದರೆ ಈ ನಾಯಿಯ ಬಾಲ ಮೇಲಿತ್ತು. ಅಪ್ಪಣೆಯಾದೊಡನೆ ಹೆಪ್ಪನ್ನು ಎದೆಯಿಂದ ಒಡೆದುಕೊಂಡು ಹೋಗಿ, ಬಾತನ್ನು ತಂದು ಕೈಗಿತ್ತಿತು.

"ಇನ್ನೊಂದು ಬಾತಿಗೆ ಕಾಯುವುದಿಲ್ಲವೆ?" ಎಂದು ಕೇಳಿದೆ.

"ಗಾಳಿ ಎದ್ದಿದೆ ಮಾವ. ಇವತ್ತಿಗೆ ಒಂದು ಸಾಕು" ಎಂದು ಅಳಿಯಂದಿರು ಕೋವಿಯ ತೋಟೆಗಳನ್ನು ತೆಗೆದರು.

ಜೋಗಿ ಎರಡು ಸಲ ಮೈಯನ್ನು ಝಾಡಿಸಿತು. ನೀರು ಚಕ್ರವಾಗಿ ಹಾರಿ ನನ್ನ ಕನ್ನಡಕವನ್ನು ತೋಯಿಸಿತು. ಕವಚ ಬಿಚ್ಚಿ, ಟವೆಲು ಹಿಡಿದು ಒರಸುವ ಕೆಲಸವನ್ನು ನಾನು ಕೇಳಿ ಪಡೆದೆ. ಕೈಚೀಲವನ್ನು ಕಳಚಿ, ಅದರ ಭುಜದ ಒರಟುಗೂದಲಿನ ಒಳಕ್ಕೆ ಬೆರಳುಗಳನ್ನು ತೂರಿಸಿದೆ. ಮೇಲಿನ ಕೂದಲು ತಣ್ಣಗೆ ಒದ್ದೆಯಾಗಿತ್ತು. ಅದರಡಿಯ ತುಪ್ಪಳವನ್ನು ದಾಟಿ ಬೆರಳು ಚರ್ಮವನ್ನು ಮುಟ್ಟಿತು. ಅಲ್ಲಿ ಚರ್ಮ ಒಣಗಿತ್ತು, ಬೆಚ್ಚಗಿತ್ತು. ಸಾಕಷ್ಟು ಒರಸಿ ಆಯಿತೆಂದು ಅಳಿಯಂದಿರು ಎರಡು ಸಲ ಹೇಳಿದರು. ನಾನು ಒರಸುತ್ತಲೇ ಇದ್ದೆ.